ಅಮ್ಮ ಸುಡದೆ ಬಿಟ್ಟ ಲೋಟ

ಮಡಕೆ ಸುಡುವ ಆವಿಗೆಯ ಪಕ್ಕದ ಕೋಣೆ,
ಮಾರ್ಚ್ ಹದಿನಾಲ್ಕು, ಸಂಜೆ

ನನ್ನ ಮುದ್ದು ಹಲ್ಲುರಾಣಿಗೆ,

ನಿನ್ನ ಅಪ್ಪ ಎರಡೂ ಕೈ ಎತ್ತಿ ಹರಸುತ್ತಿದ್ದಾನೆ! ಆರೋಗ್ಯ ಹೇಗಿದೆ ಮಗಳೇ? ಇಡೀ ದಿನ ದೀಪದ ಕೆಳಗೆ ಬಗ್ಗಿ ಯಾರ್‍ಯಾರದೋ ಬಾಯಿಗೆ ಪಿಂಗಾಣಿ ಹಲ್ಲು ತಿದ್ದುವ ನಿನ್ನ ಕುತ್ತಿಗೆನೋವು ಇಳಿಯಿತೇ? ನನಗೆ ಮಾಡಿಕೊಟ್ಟ ಮುಂಬಲ್ಲು ಬಂಡೆಯಂತೆ ನಿಂತಿದೆ. ಅದರಿಂದ ಗಟ್ಟಿ ಕಾಳು ಕಡಿಯುವುದಿಲ್ಲ, ದಾರ ಹರಿಯುವುದಿಲ್ಲ. ನಿನ್ನ ಆಜ್ಞೆಯನ್ನು ತಲೆಯ ಮೇಲೆ ಹೊತ್ತಿದ್ದೇನೆ. ಅಮ್ಮ ಇದ್ದಿದ್ದರೆ, "ನಾನು ಮಡಕೆ ಮಾಡ್ದೆ, ಮಗಳು ಹಲ್ಲು ಮಾಡಿದ್ಳು, ನೀವು ಬರೀ ಬಾಯಿ ಮಾಡಿದ್ರಿ" ಎಂದು ಛೇಡಿಸುತ್ತಿದ್ದಳು.

ನಿನ್ನ ಪತ್ರ ತಲುಪಿತು. ಅಮ್ಮ ಕೊನೆಯದಾಗಿ ನಿನಗೆಂದೇ ಮಾಡಿ, ಸುಡುವ ಮೊದಲೇ ನಮ್ಮನ್ನು ಬಿಟ್ಟುಹೋದದ್ದರಿಂದ ಹಸಿಯಾಗೇ ಉಳಿದ ಆ ಹಿಡಿಯಿರುವ ಲೋಟವನ್ನು ಸುಟ್ಟು ಕಳುಹಿಸು ಎಂದಿದ್ದೀಯ. ಆ ವಿಷಯಕ್ಕೆ ಬರುತ್ತೇನೆ. ಮೊದಲು ನಮ್ಮ ಪಾತ್ರೆಗಳ ನಾಟಕ ಮಂಡಳಿಯ ಕುಶಲ ಕೇಳು!

ದೊಡ್ಡ ಜಾಡಿ ನಮ್ಮ ಪೈಲ್ವಾನ. ಏನು ತುಂಬಿದರೂ ತಾಳುತ್ತಾನೆ, ಆದರೆ ತಣ್ಣಗಿರುವಾಗ ಕುದಿನೀರು ಸುರಿದರೆ ಎದೆ ಸೀಳಿಕೊಳ್ಳುತ್ತಾನೆ. ಪಿಂಗಾಣಿ ತಟ್ಟೆಗಳು ರಾಜಕುಮಾರಿಯರು. ಒಬ್ಬರ ಮೈ ಒಬ್ಬರಿಗೆ ತಾಗಬಾರದು. ಅದಕ್ಕೇ ನಡುನಡುವೆ ನನ್ನ ಹಳೆಯ ನಿಲುವಂಗಿಯ ತುಂಡು ಹಾಸಿದ್ದೇನೆ. ಚಿನ್ನದ ಅಂಚನ್ನು ಉಜ್ಜುವುದಿಲ್ಲ, ಬೆರಳಿನಿಂದ ಸವರಿ ತೊಳೆಯುತ್ತೇನೆ. ಕೆಂಪು ಹೂಜಿ ಮಾತ್ರ ಮುನಿಸಿಕೊಂಡಿದ್ದಾಳೆ. ಲೇಪವಿಲ್ಲದ ಮಣ್ಣು ಕೊಟ್ಟದ್ದನ್ನೆಲ್ಲ ಕುಡಿಯುತ್ತದೆಯಲ್ಲ? ಎದುರುಮನೆಯ ದರ್ಜಿ ಅಕ್ಕ ಭಾನುವಾರ ಬಂದವಳು, "ಅಣ್ಣಾ, ಇದೇನು ಮನೆಯೋ, ಜೇಡರಹುಳದ ಅರಮನೆಯೋ? ಏಳಿ, ಆಚೆ ಹೋಗಿ ಕೂತ್ಕೊಳ್ಳಿ" ಎಂದು ನನ್ನನ್ನು ಹೊರಗಟ್ಟಿ ಎಲ್ಲವನ್ನೂ ತೊಳೆದಿಟ್ಟಳು. ಹೂಜಿಗೆ ಸೋಪು ಹಾಕಿದ್ದಾಳೆ. ಈಗ ಕುಡಿಯುವ ನೀರಿಗೆಲ್ಲ ಸೋಪಿನ ಘಮ! ಬಿಸಿನೀರು ತುಂಬಿ ಚೆಲ್ಲಿ ಸಮಾಧಾನ ಮಾಡುತ್ತಿದ್ದೇನೆ. ಪಾಪ, ಬಟ್ಟೆ ಹೊಲಿಯುವವಳಿಗೆ ಮಣ್ಣಿನ ಸ್ವಭಾವ ಹೇಗೆ ಗೊತ್ತಾಗಬೇಕು? ನನ್ನ ಅಂಗಿಯ ಗುಂಡಿಗಳನ್ನೂ ಹಚ್ಚಿಕೊಟ್ಟಳು.

ನಿನಗೆ ನೆನಪಿದೆಯೇ, ನಾನು ರಂಗದ ಮೇಲೆ ಕತ್ತಿ ಹಿರಿದು ಗರ್ಜಿಸುವಾಗ ಮಾತು ಮರೆತು ನಿಂತರೆ, ಪರದೆಯ ಮರೆಯಿಂದ ಅಮ್ಮ ಪಿಸುಗುಡುತ್ತಿದ್ದಳು: "ಮುಂದಕ್ಕೆ ಹೇಳಿ, ಮುಂದಕ್ಕೆ." ಮಣ್ಣು ನಾದುತ್ತಲೇ ನನ್ನ ಪಾತ್ರವನ್ನೆಲ್ಲ ಕಲಿತವಳು. ಈಗ ಮನೆಯಲ್ಲೂ ಎಷ್ಟೋ ಸಲ ಮಾತಿನ ನಡುವೆ ನಿಂತು, ಆ ದನಿಗಾಗಿ ಕಿವಿಗೊಡುತ್ತೇನೆ. ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಣ್ಣು, ಕುತ್ತಿಗೆ, ಕೈ ಮೂರೂ ಚೆನ್ನಾಗಿರಲಿ. ಜೊತೆಗಾರ ಹಲ್ಲುಗಾರರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ದೊಡ್ಡ ಗಂಟಲಿನ
ಅಪ್ಪ

ಮರೆತ ವಿಷಯ: ಮುಂದಕ್ಕೆ ಹೇಳುತ್ತೇನೆ. ಲೋಟ ಇಲ್ಲ ಮಗಳೇ. ಸುಟ್ಟರೆ ಬಿರುಕು ಬಿಟ್ಟೀತೆಂದು ಹೆದರಿ, ಒಣ ಕುಂಚದಿಂದ ಧೂಳು ತೆಗೆಯುತ್ತಾ ಕಿಟಕಿಯಲ್ಲೇ ಇಟ್ಟುಕೊಂಡಿದ್ದೆ. ದರ್ಜಿ ಅಕ್ಕ ಅದನ್ನೂ ನೀರಿನ ತೊಟ್ಟಿಗೆ ಹಾಕಿದಳು. ನಾನು ಒಳಗೆ ಬರುವಷ್ಟರಲ್ಲಿ ಹಿಡಿ ಮಾತ್ರ ಉಳಿದಿತ್ತು. ಅಮ್ಮನ ಹೆಬ್ಬೆರಳು ಒತ್ತಿದ ಜಾಗ. ಎತ್ತಿದೆ, ಅದೂ ಬೆರಳ ಸಂದಿಯಲ್ಲಿ ಇಳಿದುಹೋಯಿತು. "ಒಂದು ಲೋಟಕ್ಕಂತೂ ಎಷ್ಟು ಕೊಳೆ ಹಿಡಿದಿತ್ತು ನೋಡಿ" ಎಂದಳು ಅಕ್ಕ, ತೊಟ್ಟಿಯ ಕೆಸರು ತೋರಿಸಿ. ಆ ನೀರು ಚೆಲ್ಲಲು ನಾನು ಬಿಡಲಿಲ್ಲ. ತಿಳಿಯಾದ ಮೇಲೆ ನೀರು ಬಸಿದು, ಕೆಸರನ್ನೆಲ್ಲ ಪೈಲ್ವಾನನ ಹೊಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿದ್ದೇನೆ. ಸುಟ್ಟದ್ದು ಒಡೆದರೆ ಚೂರು, ಸುಡದ್ದು ಕರಗಿದರೆ ಮತ್ತೆ ಮಣ್ಣು ಎಂದು ಚಕ್ರದ ಮುಂದೆ ಕೂರಿಸಿಕೊಂಡು ನಿನಗೆ ಹೇಳಿದವಳು ಅವಳೇ. ನನ್ನ ಕೈಗೆ ಕತ್ತಿ ಬಿಟ್ಟು ಬೇರೇನೂ ಬಾರದು. ನೀನು ಬಾ, ಮಾಡು. ಗುರುತು ಅವಳ ಬೆರಳಿನದಾಗುವುದಿಲ್ಲ, ಗೊತ್ತು. ಬಂದಾಗ ದರ್ಜಿ ಅಕ್ಕನಿಗೆ ಏನೂ ಹೇಳಬೇಡ.