ಗಂಗಾಳದಲ್ಲಿ ನಾಲ್ಕು ಖಾರ

ಹಿರೇಬೆಂಡಿಗೇರಿ
೭ ಮಾರ್ಚ್ ೧೯೪೬

ಚಿ. ಸೌ. ದಾನವ್ವನಿಗೆ ಕರಬಸಪ್ಪನ ಆಶೀರ್ವಾದಗಳು.

ಇಲ್ಲಿ ಅವ್ವ, ನಾನು, ಎರಡು ಎತ್ತು, ನಾಲ್ಕೂ ಜೀವ ಆರಾಮಾಗಿದ್ದೇವೆ. ಹಿರೇಕೆರೂರಿನ ತವರಿನಲ್ಲಿ ನಿನ್ನ ತಂಗಿಯೂ ಅವಳ ಕೂಸೂ ಗಟ್ಟಿಮುಟ್ಟಾಗಿದ್ದಾರೆಂದು ಓದಿ ಸಂತೋಷವಾಯಿತು. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಸಿಟ್ಟಾಗಬೇಡ. ಕೆಲಸವಿತ್ತೆಂದು ಸುಳ್ಳು ಹೇಳುವುದಿಲ್ಲ. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ದೌತಿ ಮುಚ್ಚಿ ಎದ್ದೆ.

ನೀನು ಕೇಳಿದ್ದು ಎರಡೇ ಮಾತು. "ಶಿಗ್ಗಾವಿ ಮೋಟಾರ್ ಸ್ಟ್ಯಾಂಡಿನ ಹತ್ರ ಭರಮಪ್ಪನ ಖೋಲಿ ಹಿಡದ್ರ್ಯೋ ಇಲ್ಲೋ? ನಾ ಕುಟ್ಟಿಟ್ಟು ಬಂದ ಖಾರ ಹೆಂಗಾಗೈತಿ? ಖರೇ ಹೇಳ್ರಿ." ಆ ಊರಲ್ಲಿ ಖಾನಾವಳಿ ತೆಗೆಯುವುದು ನಾನು ಫೌಜಿಗೆ ಹೋಗುವ ಮೊದಲೇ ನಾವಿಬ್ಬರೂ ಆಡಿಕೊಂಡ ಮಾತು. ಯುಗಾದಿಯ ತನಕ ಬೇರೆಯವರಿಗೆ ಖೋಲಿ ಕೊಡುವುದಿಲ್ಲ ಎಂದು ಭರಮಪ್ಪ ಹೇಳಿದ್ದಾನೆ. ಖಾರದ ವಿಷಯಕ್ಕೆ ಬಂದರೆ, ಏಳು ವರ್ಷ ನೀನು ಖಾರ ಕುಟ್ಟುವ ಒಳ್ಳಿನ ಹತ್ತಿರ ಸುಳಿದಿರಲಿಲ್ಲ. ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಈ ವರ್ಷ ಅವ್ವನ ತೋಳು ನೋವಿಗೆ ನೀನೇ ಒನಕೆ ಹಿಡಿದೆ. ಎರಡಕ್ಕೂ ಉತ್ತರ ಬರೆಯುತ್ತೇನೆ, ಅದಕ್ಕೂ ಮೊದಲು ಕಳೆದ ಸೋಮವಾರದ ಮಜಾ ಕೇಳು.

ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವ ಹಾಗಿಲ್ಲವಲ್ಲ, ಮಂದಿಯೆಲ್ಲ ನಮ್ಮ ಕಟ್ಟೆಯ ಮೇಲೇ ಇದ್ದರು. ನಾನು ಫೌಜಿನಲ್ಲಿ ಅಡಿಗೆ ಮಾಡುತ್ತಿದ್ದಾಗ ಅಲ್ಲೇ ಲಾರಿ ಹೊಡೆಯುತ್ತಿದ್ದ ಸವಣೂರಿನ ಇಸ್ಮಾಯಿಲಸಾಬ ಬುಟ್ಟಿ ತುಂಬ ವೀಳ್ಯದೆಲೆ ಹಿಡಿದು ಬಂದ. ಬಂದವನೇ, "ಕರಬಸೂ, ಟ್ರಂಕಿನಾಗ ಎಷ್ಟ ದಿನಾ ಮುಚ್ಚಿ ಇಡ್ತೀಯೋ? ಮಂದಿಗೆ ತೋರ್ಸು" ಎಂದ. ನಾನು ದೇಶದೇಶದಿಂದ ಹೊತ್ತು ತಂದ ಖಾರಗಳ ಮಾತು. ದೊಡ್ಡ ಗಂಗಾಳ ತಂದು ಅರಬರದು, ಇಟಲಿಯದು, ಅಮೇರಿಕದ್ದು, ಜೊತೆಗೆ ನಿನ್ನದು, ಹೀಗೆ ನಾಲ್ಕು ಖಾರ ಬಡಿಸಿದೆ. ಅವ್ವ ಬುಟ್ಟಿ ತುಂಬ ರೊಟ್ಟಿ ಬಡಿದಿದ್ದಳು.

ಅರಬರ ಖಾರ ನೋಡಿದರೆ ನಿನಗೂ ಸೋಜಿಗವಾಗುತ್ತದೆ. ತಗಡಿನ ಡಬ್ಬಿಯಲ್ಲಿ ಬರುತ್ತದೆ, ಹರೀಸಾ ಎನ್ನುತ್ತಾರೆ. ಟ್ಯೂನಿಸ್ ಕಡೆಯ ಒಬ್ಬ ಮುದುಕಿ ಮಾಡುವುದನ್ನು ನಾನು ಕುಕ್ಕರಗಾಲಲ್ಲಿ ಕುಳಿತು ನೋಡಿದ್ದೆ. ಒಣ ಕೆಂಪು ಮೆಣಸಿನಕಾಯಿ ನೆನೆಹಾಕಿ, ಬಳ್ಳೊಳ್ಳಿ, ಉಪ್ಪು, ಜೀರಿಗೆಯಂಥ ಏನೋ ಒಂದು ಕಾಳು ಹಾಕಿ ಕುಟ್ಟಿದಳು. ತಾಟಿನಲ್ಲಿಟ್ಟು ಹೆಬ್ಬೆರಳಿನಿಂದ ಗುಳಿ ಮಾಡಿ ಅದರೊಳಗೆ ಎಣ್ಣೆ ಬಿಟ್ಟಳು. ನಮ್ಮ ಗುಳಿಗೆ ಶೇಂಗಾ ಎಣ್ಣೆ, ಅವರ ಗುಳಿಗೆ ಆಲಿವ್ ಎಂಬ ಕಾಯಿಯದು, ಅಷ್ಟೇ ಫರಕು! ಸಮುದ್ರದಾಚೆಯ ಮುದುಕಿಗೆ ಈ ಗುಳಿ ಯಾರು ಕಲಿಸಿದರು? ನಮ್ಮವರಿಗೆ ಯಾರು ಕಲಿಸಿದರು? ಇಂದಿಗೂ ನನಗೆ ಬಗೆಹರಿದಿಲ್ಲ.

ಇಟಲಿಯ ತೆಂಕಣ ಊರುಗಳಲ್ಲಿ ಮೆಣಸಿನಕಾಯಿಯ ಸರ ಮಾಡಿ ಗೋಡೆಗೆ ನೇತುಹಾಕುತ್ತಾರೆ. ಮೊದಲ ಸಲ ಕಂಡಾಗ ಬ್ಯಾಡಗಿ ಪೇಟೆಗೇ ಬಂದೆನೇನೋ ಎನ್ನಿಸಿತ್ತು. ಅವರು ಅದನ್ನು ಚೂರು ಮಾಡಿ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಅಮೇರಿಕದ್ದು ಹೆಬ್ಬೆರಳುದ್ದದ ಸೀಸೆ, ಅದರಲ್ಲಿ ತೆಳ್ಳಗಿನ ಹುಳಿ ಖಾರ. ಕೊಟ್ಟ ಸಿಪಾಯಿಯ ಅಜ್ಜಿ ಮೆಕ್ಸಿಕೋ ದೇಶದವಳಂತೆ. ಮೆಣಸಿನಕಾಯಿ ಎಲ್ಲರಿಗಿಂತ ಮೊದಲು ಅವರ ಕಡೆ ಇತ್ತಂತೆ, ನಮಗೆಲ್ಲ ಹಡಗಿನಲ್ಲಿ ಬಂದದ್ದಂತೆ! ಇದನ್ನು ಹೇಳಿದ್ದೇ ತಡ, ಅವ್ವ ರೊಟ್ಟಿ ಕೆಳಗಿಟ್ಟಳು. "ಹುಚ್ಚ ಅದಾನ ಅಂವಾ. ಬ್ಯಾಡಗಿ ನೋಡಿಲ್ಲ, ಪಾಪ" ಎಂದಳು.

ಪಕ್ಕದ ಮನೆಯ ಹೊನ್ನವ್ವ ಸೀಸೆಯದನ್ನು ನೆಕ್ಕಿ, "ಇದೇನ ಖಾರಾನೋ, ಹುಣಸೀ ನೀರೋ?" ಎಂದು ಮುಖ ಕಿವಿಚಿದಳು. ದ್ಯಾಮಪ್ಪ ಕಾಕಾ ಮೀಸೆ ತಿರುವಿ ಇಟಲಿಯದನ್ನು ಬೊಗಸೆ ಸುರಿದುಕೊಂಡು, ಕಣ್ಣು ಕೆಂಪಾಗಿ, ಎರಡು ತಂಬಿಗೆ ಮಜ್ಜಿಗೆ ಕುಡಿದ. ಆದರೂ "ಕಣ್ಣಾಗ ಕಸಾ ಬಿತ್ತು" ಎಂದನೇ ಹೊರತು ಸೋತೆ ಎನ್ನಲಿಲ್ಲ.

ಇಸ್ಮಾಯಿಲಸಾಬ ಕಟ್ಟೆಯ ಮೇಲೆ ನಿಂತು ನನ್ನನ್ನು ಹೊಗಳಿದ್ದೂ ಹೊಗಳಿದ್ದೇ. "ಇವನ ಮೂಗಿಗೆ ಸಾಹೇಬ್ರು ಸಲಾಮ್ ಹೊಡೀತಿದ್ರು. ಮುಚ್ಚಿದ ಡೇಗಿ ಮುಂದ ನಿಂತು ಉಪ್ಪು ಕಡಿಮಿ ಐತಿ ಅಂತಿದ್ದ" ಎಂದ. ಅದಕ್ಕೆ ಅವ್ವ, "ನನ್ನ ಮಗಾ ಅಲ್ಲೇನ? ದೇವರಿಗೆ ಎಡಿ ಆಗೂತನಕಾ ನಾಲಿಗಿಗೆ ಮುಟ್ಟಸಬಾರ್ದು, ಮೂಗಿನಿಂದನ ಹೇಳಬೇಕು ಅಂತ ಕಲಿಸೇನಿ" ಎಂದು ಸೆರಗು ಸರಿಮಾಡಿಕೊಂಡಳು. ಆಗ ನಾನು ಗಂಗಾಳ ತಿರುಗಿಸಿ, "ತಗೋರ್ರಿ, ಇದು ನಮ್ಮ ದಾನವ್ವನ ಖಾರ" ಎಂದೆ. ಅವ್ವ ಒಂದು ತುತ್ತು ಬಾಯಿಗಿಟ್ಟು, "ಏ ಹುಚ್ಚಪ್ಪಾ, ಇದು ಅರಬರದು. ದಾನಿದು ಆ ಮಗ್ಗಲ ಐತಿ" ಎಂದಳು. ಕಟ್ಟೆಯೆಲ್ಲ ನಕ್ಕಿತು. "ನಿಮ್ಮ ನಾಲಿಗಿ ಪರೀಕ್ಷಾ ಮಾಡಿದೆ" ಎಂದು ನಾನೂ ನಕ್ಕೆ.

ಗಂಗಾಳದಲ್ಲಿ ನಿನ್ನ ಖಾರವೇ ಮೊದಲು ಖಾಲಿಯಾಯಿತು. ಹುರಿದ ಮೆಂತ್ಯ, ಇಂಗು ಹದವಾಗಿ ಬಿದ್ದಿವೆ ಎಂದು ಹೊನ್ನವ್ವ ಎರಡು ಸಲ ಹೇಳಿದಳು. ಇಸ್ಮಾಯಿಲಸಾಬ ತನ್ನ ಹೆಂಡತಿ ಹುಸೇನಬಿಗೆಂದು ಭರಣಿಯಿಂದ ತೆಗೆಸಿ ಎಲೆಯಲ್ಲಿ ಕಟ್ಟಿಸಿಕೊಂಡು ಹೋದ. ಅವ್ವ ಬಾಯಿಬಿಟ್ಟು ಹೊಗಳಲಿಲ್ಲ, ಮೂರನೆಯ ರೊಟ್ಟಿ ತೆಗೆದುಕೊಂಡಳು.

ಅತ್ತೆ ಮಾವಂದಿರಿಗೆ ಶರಣು ಹೇಳು. ಕೂಸಿಗೆ ನನ್ನ ಹೆಸರಿನಲ್ಲಿ ಒಂದು ಮುದ್ದು ಕೊಡು. ನಿನ್ನ ಕೈಗೆ ಶಿವನು ಬಲ ಕೊಡಲಿ.

ನಿನ್ನವ,
ಕರಬಸಪ್ಪ

ತಾ. ಕ.: ಈ ಚೀಟಿಯನ್ನು ಬೇರೆ ಮಡಚಿಟ್ಟಿದ್ದೇನೆ. ತವರಿನವರ ಮುಂದೆ ಓದಬೇಡ, ಅವ್ವನಿಗೂ ಹೇಳಬೇಡ.

ಸೋಮವಾರ ನಾನು ಯಾರ ಪರೀಕ್ಷೆಯನ್ನೂ ಮಾಡಲಿಲ್ಲ ದಾನವ್ವ. ನನಗೆ ತಿಳಿಯಲಿಲ್ಲ. ಇಟಲಿಯಲ್ಲಿ ಲಾರಿ ಉರುಳಿ ತಲೆಗೆ ಪೆಟ್ಟಾದಾಗ "ಸಣ್ಣ ಗಾಯ" ಎಂದು ನಿನಗೆ ಬರೆದಿದ್ದೆ. ಗಾಯ ಮಾಯಿತು. ಆದರೆ ಅಂದಿನಿಂದ ನನಗೆ ವಾಸನೆಯೇ ಇಲ್ಲ. ಬಂದರೆ ಬರಬಹುದು ಎಂದರು ಡಾಕ್ಟರು. ಒಂದೂವರೆ ವರ್ಷವಾಯಿತು, ಬಂದಿಲ್ಲ. ಫೌಜಿನಲ್ಲಿ ಎಲ್ಲ ತೂಕದ ಅಡಿಗೆ, ಹೇಗೋ ನಡೆದುಹೋಯಿತು, ಇಸ್ಮಾಯಿಲಸಾಬನಿಗೂ ಗೊತ್ತಾಗಲಿಲ್ಲ. ಉಪ್ಪು ತಿಳಿಯುತ್ತದೆ, ಉರಿ ತಿಳಿಯುತ್ತದೆ. ಯಾರ ಕೈಯ ಖಾರ ಎಂಬುದು ತಿಳಿಯುವುದಿಲ್ಲ. ಅವ್ವ ನಕ್ಕ ಮೇಲೆ ಆ ಎರಡನ್ನೂ ಮತ್ತೆ ತಿಂದು ನೋಡಿದೆ. ಎರಡೂ ಸುಟ್ಟವು, ಅಷ್ಟೇ. ಕಣ್ಣಲ್ಲಿ ನೀರು ಬಂತು, ಮಂದಿ ಖಾರಕ್ಕೆ ಎಂದುಕೊಂಡರು.

ಮದುವೆಯಾದ ವರ್ಷ ನೀನು ಕುಟ್ಟಿದ ಖಾರದಲ್ಲಿ ಹಸಿ ಬಳ್ಳೊಳ್ಳಿ ನಾರುತ್ತದೆ ಎಂದು ಭರಣಿಯನ್ನೇ ತಿಪ್ಪೆಗೆ ಸುರಿದವನು ನಾನು. "ನಿನಗ ಮೂಗಿಲ್ಲೇನ?" ಎಂದು ನಾಲ್ಕು ಜನರ ಮುಂದೆ ಕೇಳಿದವನೂ ನಾನೇ. ತಪ್ಪಾಯಿತು ಎಂದು ಏಳು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ತಪ್ಪಾಯಿತು.

ಭರಮಪ್ಪನಿಗೆ ಏನು ಹೇಳಲಿ ಎಂಬುದನ್ನು ನೀನೇ ಬರೆ. ರುಬ್ಬಲು, ಬೇಯಿಸಲು, ಬಡಿಸಲು ನನ್ನ ಕೈಗಳಿವೆ. ಒಲೆಯ ಪಕ್ಕದಲ್ಲಿ ನೀನು ನಿಂತು "ಆತು, ಇಳಸ್ರಿ" ಎನ್ನಬೇಕು. ಇಂಥವನ ಜೊತೆ ನಿಲ್ಲುವ ಮನಸ್ಸಿಲ್ಲ ಎಂದರೆ ಅದನ್ನೂ ಬರೆ, ಖೋಲಿ ಬಿಡುತ್ತೇನೆ.

ಅವ್ವ ಹಿತ್ತಲಿಗೆ ಹೋದಾಗಲೆಲ್ಲ ನಿನ್ನ ಭರಣಿಯ ಬಟ್ಟೆ ಬಿಚ್ಚಿ ಮೂಗು ಇಟ್ಟು ನೋಡುತ್ತೇನೆ. ಖಾರ ಹೆಂಗಾಗೈತಿ, ಖರೇ ಹೇಳ್ರಿ ಎಂದು ಕೇಳಿದ್ದೀಯಲ್ಲ. ನೀನೇ ಬಂದು ನನಗೆ ಹೇಳು.