ನೀನು ಕಟ್ಟಿದ ಆಂಪ್ಲಿಫೈಯರಿಗೆ ನಡುಕ ಬಂದ ಸಂಗತಿ

ನಮ್ಮ ಹಜಾರದಿಂದ,
ಭಾನುವಾರ, ಹನ್ನೆರಡನೆಯ ತಾರೀಖು

ನೆರೆದಿರುವ ಮಹಾಜನರೇ, ಹಿಂದಿನ ಸಾಲಿನವರೇ, ಬಾಗಿಲಿಗೆ ಒರಗಿ ಪುಕ್ಕಟೆ ನೋಡುವವರೇ, ಸದ್ದಡಗಿಸಿ ಕೇಳಿ! ಈ ಮನೆಯಲ್ಲಿ ಹಾಡುಹಗಲೇ ಅನ್ಯಾಯವೊಂದು ನಡೆಯುತ್ತಿದೆ!

ಪ್ರೀತಿಯ ತಮ್ಮಾ, ಗಾಬರಿಯಾಗಬೇಡ. ಸಭೆ ಕೂಡಿಸದೆ ಒಂದು ಚೀಟಿ ಬರೆಯಲೂ ನಿನ್ನ ಅಣ್ಣನಿಗೆ ಬರುವುದಿಲ್ಲ ಎಂದು ನಿನಗೆ ಗೊತ್ತು. ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಊಟ ಹೊತ್ತಿಗೆ ಸರಿಯಾಗಿ ಮಾಡು, ನಿಂತುಕೊಂಡು ನುಂಗಬೇಡ. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ. ಕುರ್ಚಿಯಿಂದ ಕಿಟಕಿಗೆ ಬಂದರೆ ಅದೇ ಅವಳ ಪ್ರಯಾಣ. ನೀನು ಕಟ್ಟಿಕೊಟ್ಟು ಹೋದ ಆಂಪ್ಲಿಫೈಯರಿನಲ್ಲಿ ಹಾಡು ಕೇಳುವುದೊಂದೇ ಅವಳ ತಿರುಗಾಟವಾಗಿತ್ತು. ಈಗ ಅದಕ್ಕೂ ಕಲ್ಲು ಬಿದ್ದಿದೆ. ಎರಡು ವರ್ಷ ಕೂತು ನೀನು ಒಂದೊಂದೇ ತಂತಿ ಬೆಸೆದ ಆ ಯಂತ್ರವನ್ನು ನಾಳೆ ಎಂಟು ಗಂಟೆಗೆ ಬೀದಿ ಕೊನೆಯ ರಿಪೇರಿ ಪಂಡಿತ ಹೊತ್ತುಕೊಂಡು ಹೋಗುತ್ತಾನಂತೆ, ಬಿಡಿಭಾಗ ಕಿತ್ತುಕೊಳ್ಳಲು!

ಆದದ್ದು ಇಷ್ಟು. ಎರಡು ತಿಂಗಳಿಂದ ಹಾಡಿನ ನಡುವೆ ಅದು "ಣೊಂಯ್" ಎನ್ನತೊಡಗಿತು. ಯಾರಾದರೂ ನಡೆದರೆ ಣೊಂಯ್, ಬಾಗಿಲು ಹಾಕಿದರೆ ಣೊಂಯ್, ಹಾಡಿನಲ್ಲಿ ಡೋಲು ಜೋರಾಯಿತೆಂದರೆ ಆ ಣೊಂಯ್ ನಿಲ್ಲುವುದೇ ಇಲ್ಲ. ಅಮ್ಮ ಮೂರು ದಿನ ಸಹಿಸಿದಳು. ನಾಲ್ಕನೆಯ ದಿನ "ಆರಿಸಿಬಿಡಪ್ಪಾ, ತಲೆಯೊಳಗೆ ತಗಡು ಬಡಿದ ಹಾಗಾಗುತ್ತೆ" ಎಂದು ಮುಖ ತಿರುಗಿಸಿದಳು. ನಾನು ಸುಮ್ಮನೆ ಕೂತೆನೇ? ಯಂತ್ರದ ಕೆಳಗೆ ದಿಂಬು ತುರುಕಿದೆ. ಗಾಳಿಯಾಡದೆ ಅದು ಕಾದ ಹೆಂಚಾಯಿತು. ಅದರ ಗಾಜಿನ ಬುರುಡೆಗಳು, ಅವೇ ಆ ವಾಲ್ವುಗಳು, ನಡುಗದಿರಲೆಂದು ಅಡುಗೆಮನೆಯ ಡಬ್ಬಿಗಳ ರಬ್ಬರ್ ಬ್ಯಾಂಡುಗಳನ್ನು ತಂದು ಒಂದೊಂದಕ್ಕೂ ಬಿಗಿದೆ. ದೊಡ್ಡ ವಾಲ್ವಿನ ಬಿಸಿಗೆ ಅವೆಲ್ಲ ಕರಗಿ, ಮನೆಯೆಲ್ಲ ಟೈರು ಸುಟ್ಟ ವಾಸನೆ. ಆಮೇಲೆ ಪಂಡಿತನನ್ನು ಕರೆಸಿದೆ. ಅವನು ನೋಡಿದ್ದು ಎಷ್ಟು ಹೊತ್ತು? ಒಂದು ವೀಳ್ಯ ಅಗಿಯುವಷ್ಟು ಹೊತ್ತೂ ಇಲ್ಲ. "ಯಾರ್ರೀ ಇದನ್ನ ಬೆಸೆದಿರೋದು? ಕೈಯಲ್ಲೋ ಕಾಲಲ್ಲೋ?" ಎಂದ. ನನ್ನ ತಮ್ಮನ ಕೈಯನ್ನು ನನ್ನ ಮನೆಯಲ್ಲೇ ನಿಂತು ಕಾಲು ಎಂದವನು! ಆ ಕ್ಷಣ ನನ್ನ ಸೊಂಟದಲ್ಲಿ ನಾಟಕದ ತಗಡಿನ ಕತ್ತಿಯಾದರೂ ಇದ್ದಿದ್ದರೆ!

ಯಂತ್ರ ಕೊಸರಾಡುತ್ತಿದೆ ಎಂದು ಹಿಂದೆ ಒಂದು ಸಾಲು ಬರೆದಿದ್ದೆನಲ್ಲ, ಅಷ್ಟರಲ್ಲಿ ಅದಕ್ಕೆ ನಿನ್ನ ಕಾಗದ ಬಂತು. ಅದರಲ್ಲಿ ನೀನು ಬರೆದದ್ದೇನು? "ಅಣ್ಣಾ, ಅದನ್ನ ನಿನ್ನ ಹೊಸ ಹಲಗೆ ಮೇಲೆ ಇಟ್ಟಿಲ್ಲ ತಾನೆ?" ಪಂಡಿತನಿಗಿಂತ ನೀನೇ ಹೆಚ್ಚು ಇರಿದೆ ಕಣೋ. ಅವು ಬರೀ ಹಲಗೆಗಳೇ? ಇಪ್ಪತ್ತಾರು ವರ್ಷ ನಾನು ನಿಂತು ಗರ್ಜಿಸಿದ ರಂಗ! ನಮ್ಮ ನಾಟಕ ಕಂಪನಿ ಮುಚ್ಚಿದ ದಿನ ಸೌದೆ ಡಿಪೋಗೆ ಹೋಗಲಿದ್ದವನ್ನು ಬಿಡಿಸಿ ತಂದು, ಹಜಾರದ ಈ ಗೋಡೆಯಿಂದ ಆ ಗೋಡೆಯವರೆಗೆ ಗೇಣೆತ್ತರಕ್ಕೆ ಅಟ್ಟಣೆ ಕಟ್ಟಿ, ಅಮ್ಮನ ಕುರ್ಚಿ, ನಿನ್ನ ಯಂತ್ರ, ಸ್ಪೀಕರ್ ಪೆಟ್ಟಿಗೆ ಎಲ್ಲವನ್ನೂ ಅದರ ಮೇಲೆ ಗೌರವವಾಗಿ ಕೂರಿಸಿದ್ದೆ. ಅದರ ಮೇಲೆ ಆರೋಪವೇ?

ನಿನ್ನೆ ಮಹಡಿಯ ದರ್ಜಿ ಅಕ್ಕನ ಮೇಲೆ ಏರಿಹೋದೆ. "ನಿನ್ನ ಹೊಲಿಗೆ ಯಂತ್ರದ ಅದುರಾಟಕ್ಕೆ ನನ್ನ ತಮ್ಮನ ವಾಲ್ವು ಇವತ್ತೂ ನಡುಗ್ತಿದೆ" ಎಂದು ಮೆಟ್ಟಿಲಲ್ಲೇ ಗರ್ಜಿಸಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನನ್ನ ಮಿಷನ್ ಕೆಟ್ಟು ವಾರ ಆಯ್ತಲ್ಲ, ಗುಡುಗಣ್ಣಾ" ಎಂದಳು. ಅವಳ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದನಂತೆ, ಕೆಳಗಿಳಿದು ಬಂದಳು. ಪೆನ್ಸಿಲ್ಲಿನ ತುದಿಯಿಂದ ಮುಂದಿನ ಚಿಕ್ಕ ವಾಲ್ವನ್ನು ಮೆಲ್ಲಗೆ ಮುಟ್ಟಿದಳು: ಣೊಂಯ್. ಒಳಗಿನ ಎಳೆಗಳು ಅಲುಗಿದರೆ ಆ ಅಲುಗಾಟವೇ ಸದ್ದಾಗಿ ಹೊರಬರುತ್ತದಂತೆ. ನಂತರ "ನಿಮ್ಮ ಯುದ್ಧದ ಮಾತು ಒಂದು ಹೇಳಿ" ಎಂದಳು. ಹೇಳಿದೆ, ಕಾಲು ಅಪ್ಪಳಿಸಿ ಹೇಳಿದೆ. ಯಂತ್ರ ನನ್ನ ಜೊತೆಗೇ ಕೂಗಿತು. ಅದನ್ನೆತ್ತಿ ಅಡುಗೆಮನೆಯ ಕಲ್ಲುಕಟ್ಟೆಯ ಮೇಲಿಟ್ಟು, ಸ್ಪೀಕರಿನ ತಂತಿ ಅಲ್ಲಿಗೆಳೆದು ಮತ್ತೆ ಹಚ್ಚಿದಳು. ಮತ್ತೆ ಕೂಗಿದೆ, ಕುಣಿದೆ, ಪಾತ್ರೆ ಬೀಳಿಸಿದೆ. ಒಂದು ಣೊಂಯ್ ಕೂಡ ಇಲ್ಲ! ಹಲಗೆಯ ಕೆಳಗೆಲ್ಲ ಟೊಳ್ಳು. ಸ್ಪೀಕರು ಹಲಗೆಯನ್ನು ಬಡಿಯುತ್ತದೆ, ಹಲಗೆ ವಾಲ್ವನ್ನು ಬಡಿಯುತ್ತದೆ, ವಾಲ್ವು ಅದನ್ನೇ ಸ್ಪೀಕರಿಗೆ ಒಪ್ಪಿಸುತ್ತದೆ. "ಇದು ನಗಾರಿ ಅಣ್ಣಾ, ನಗಾರಿ ಮೇಲೆ ಯಾರಾದ್ರೂ ಗಾಜು ಇಡ್ತಾರಾ?" ಎಂದು ನಕ್ಕಳು. ಅಮ್ಮನೂ ನಕ್ಕಳು. ಇಬ್ಬರು ಹೆಂಗಸರ ಮುಂದೆ ನಾನು, ರಾಜನ ಪಾತ್ರ ಮಾಡಿದವನು! ಅಡುಗೆಮನೆಯಲ್ಲೇ ಇರಲಿ ಎಂದರೆ ಒಲೆಯ ಹೊಗೆ, ಸಾಲದ್ದಕ್ಕೆ ಅಮ್ಮನ ಕುರ್ಚಿ ಆ ಬಾಗಿಲಲ್ಲಿ ಹಿಡಿಸುವುದೇ ಇಲ್ಲ.

ಹುಷಾರಾಗಿರು. ಅಮ್ಮ ನಿನ್ನ ತಲೆ ಸವರಿದೆನೆಂದು ಬರೆ ಎಂದಿದ್ದಾಳೆ.

ನಿನ್ನ ಅಣ್ಣ,
ಬೀದಿಯವರ ಬಾಯಲ್ಲಿ ಗುಡುಗಣ್ಣ

ಲಕೋಟೆ ಅಂಟಿಸುವ ಮೊದಲು: ಪಂಡಿತನಿಗೆ ಒಯ್ಯಲು ಹೇಳಿದ್ದು ನಾನೇ. ಹೋದ ವಾರ, ನಿನ್ನನ್ನೂ ಕೇಳದೆ. ರಿಪೇರಿಯಾಗಿ ಮರಳಿ ಬರುತ್ತದೆ ಎಂದು ಅಮ್ಮ ನಂಬಿದ್ದಾಳೆ. ಯಂತ್ರ ಸುಮ್ಮನಾದ ಮೇಲೆ ಮಧ್ಯಾಹ್ನಗಳಲ್ಲಿ ಅವಳು "ಒಂದು ದೃಶ್ಯ ಹೇಳೋ" ಎಂದು ನನ್ನನ್ನು ಕೇಳತೊಡಗಿದ್ದಳು. ಕಂಪನಿ ಮುಚ್ಚಿದ ಮೇಲೆ ಹಾಗೆ ಕೇಳಿದವರು ಅವಳೊಬ್ಬಳೇ. ಅದಕ್ಕೇ. ಬೈಯುವುದಿದ್ದರೆ ಮುಂದಿನ ಕಾಗದದಲ್ಲಿ ಬೈದುಬಿಡು. ಅಮ್ಮನ ಕುರ್ಚಿಯನ್ನು ಮೊದಲು ಅಂಗಳಕ್ಕೆ ಸಾಗಿಸಿ, ನಾಳೆ ಬೆಳಿಗ್ಗೆ ಆರಕ್ಕೆ ಮೊಳೆ ಕೀಳಲು ಕೂರುತ್ತೇನೆ. ಬರಿ ನೆಲದ ಮೇಲೆ, ನಡುಕ ತಡೆಯಲು, ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬು, ಅದರ ಮೇಲೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ನಿನ್ನ ಯಂತ್ರ, ಸ್ಪೀಕರು ಎದುರು ಗೋಡೆಗೆ, ಅಮ್ಮನ ಕುರ್ಚಿ ಮತ್ತೆ ಹಜಾರಕ್ಕೆ. ಎಂಟಕ್ಕೆ ಪಂಡಿತ ಬಂದರೆ ಹಲಗೆ ಹೊತ್ತುಕೊಂಡು ಹೋಗು ಎನ್ನುತ್ತೇನೆ, ಅದೂ ಪಿಸುಮಾತಿನಲ್ಲಿ. ಒಳಗೆ ಅಮ್ಮ ಹಾಡು ಕೇಳುತ್ತಿರುತ್ತಾಳೆ.