ಬಿಳಿಗೆ ನಮ್ಮನೆ ಹೆಸರು

ಅಜ್ಜೀ, ಮಿಲಾನಿಗೆ ಬಂದು ಮುಟ್ಟಿ, ಹೋಟೆಲೊಂದರ ಬಟ್ಟೆ ಒಗೆಯುವ ಕೆಲಸ ಹಿಡಿದಿದ್ದೇನೆ. ಯಂತ್ರಕ್ಕೆ ಬಟ್ಟೆ ತುಂಬುವವರು ಬಣ್ಣದ ಹೆಸರು ಕೂಗಬೇಕೆಂಬುದು ಇಲ್ಲಿಯ ಕಟ್ಟಳೆ. ಬಿಳಿ ಬೆಡ್‌ಶೀಟು ತುಂಬುತ್ತ ನಾನು ನಮ್ಮ ಮಾತಿನಲ್ಲೇ "ಆಲ್ವ್!" ಎಂದು ಕೂಗಿದೆ.

ಮೇಲ್ವಿಚಾರಕಿ ಒರ್ನೆಲ್ಲಾ ಸಿಡಿದಳು: "ಬಿಯಾಂಕೋ ಅನ್ನೇ! ನಿಮ್ಮ ಸ್ವಿಸ್ ಬೆಟ್ಟದ ಮಾತು ಹಸುಗಳ ಹತ್ರ ಆಡ್ಕೋ."

"ನಿಮ್ಮ ಬಿಯಾಂಕೋ ಜರ್ಮನರಿಂದ ಎರವಲು ತಂದದ್ದಂತೆ, ನಮ್ಮ ಪಾದ್ರಿ ಹೇಳಿದಾರೆ. ನಮ್ಮದು ಹಳೇ ರೋಮಿನದು!" ಎಂದೆ.

ಎಲ್ಲರೂ ನಕ್ಕರು. ಇಸ್ತ್ರಿ ಮಾಡುತ್ತಿದ್ದ ರೊಮೇನಿಯಾದ ರುಕ್ಸಾಂದ್ರಾ ನಗಲಿಲ್ಲ. "ನಮ್ಮೂರಲ್ಲೂ ಆಲ್ಬ್ ಅಂತೀವಿ ಕಣೇ. ಕೂಗು, ನಾನೂ ಕೂಗ್ತೀನಿ" ಎಂದಳು. ಅಂದಿನಿಂದ ಇಬ್ಬರೂ ಗಂಟಲು ಹರಿಯುವಂತೆ ಕೂಗುತ್ತಿದ್ದೇವೆ.

ಸೋಪಿನ ನೀರಿಗೆ ಕೈ ಬಿರಿದಿದೆ, ನಿನ್ನ ಮುಲಾಮು ಒಂದು ಡಬ್ಬಿ ಕಳಿಸು.

ಈ ಬೆಳಿಗ್ಗೆ ಕೆಂಪು ಮೇಜುಬಟ್ಟೆಗಳನ್ನು ಹೊತ್ತು ನಾನು ತಪ್ಪು ಯಂತ್ರದ ಬಾಗಿಲು ತೆರೆದೆ. ಒಳಗಿದ್ದದ್ದು ಬಿಳಿ ಬೆಡ್‌ಶೀಟು. ಒರ್ನೆಲ್ಲಾ ಆ ಮೂಲೆಯಿಂದ ಓಡಿಬರುತ್ತ ಕಿರುಚಿದಳು: "ಆಲ್ವ್! ಆಲ್ವ್! ಹಾಕ್ಬೇಡ ಕಣೇ!"

ಬಟ್ಟೆ ಕೆಳಗಿಟ್ಟೆ. "ಕೇಳಿಸಲಿಲ್ಲ ಮೇಡಂ, ಇನ್ನೊಂದ್ಸಲ ಹೇಳಿ" ಎಂದೆ.

ನಿನ್ನ ಮೆಂಜಿಯಾ